ಪದ ಬೇಕು: ಗಿಡ್ಡ ಪಂಪ್-ಆಕ್ಷನ್ ಶಾಟ್‌ಗನ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ)

[ಆಸ್ಟಿನ್‌ನಿಂದ]

ಎಲ್ಲರಿಗೂ ನಮಸ್ಕಾರ.

ಮನೆಯ ಕಾವಲಿಗೆ ಇಟ್ಟುಕೊಳ್ಳುವ ಗಿಡ್ಡ ಪಂಪ್-ಆಕ್ಷನ್ ಶಾಟ್‌ಗನ್‌ಗಳನ್ನು ಹೋಲಿಸುವ ಲೇಖನವೊಂದನ್ನು ಇಲ್ಲಿನ ಕನ್ನಡ ಬಳಗದ ಪತ್ರಿಕೆಗೆ ಕನ್ನಡಿಸುತ್ತಿದ್ದೇನೆ. ನಾಳೆ ಸಂಜೆ ಪುಟ ಕಟ್ಟುತ್ತಾರೆ. ಮಾಸ್‌ಬರ್ಗ್ 590 ಶಾಕ್‌ವೇವ್, ರೆಮಿಂಗ್ಟನ್ 870 ಟ್ಯಾಕ್-14, ಕೆಲ್‌ಟೆಕ್ ಕೆಎಸ್‌ಜಿ, ಈ ಮೂರರ ಹೋಲಿಕೆ. ಮೊದಲಿನ ಎರಡರ ನಳಿಗೆ ಸುಮಾರು 14 ಇಂಚು. ಕೆಎಸ್‌ಜಿಯದು 18.5 ಇಂಚು. ಆದರೂ ಮೂರರ ಒಟ್ಟು ಉದ್ದ ಹೆಚ್ಚುಕಡಿಮೆ ಒಂದೇ, 26 ಇಂಚಿಗಿಂತ ಚೂರು ಜಾಸ್ತಿ.

ಶಾಟ್‌ಗನ್, ಪಂಪ್-ಆಕ್ಷನ್, ಕಾಂಪ್ಯಾಕ್ಟ್, ರೀಕಾಯಿಲ್, ಬಕ್‌ಶಾಟ್. ಇವಿಷ್ಟಕ್ಕೆ ಪದ ಬೇಕು. ಸದ್ಯಕ್ಕೆ "ಆತ್ಮರಕ್ಷಣಾ ಮೋಟುಕೋವಿ" ಎಂದು ಬರೆದಿಟ್ಟಿದ್ದೇನೆ. ಕಿವಿಗೆ ಹಿತವಾಗಿಲ್ಲ.

[ಮೈಸೂರಿನಿಂದ]

ಅರಿಸಮಾಸ. "ಆತ್ಮರಕ್ಷಣಾ" ಮತ್ತು "ಕೋವಿ" ಒಂದೇ ಸಮಾಸದಲ್ಲಿ ಕೂರುವುದಿಲ್ಲ. ತೆಗೆದುಹಾಕಿ. "ಮೋಟುಕೋವಿ"ಯೂ ತಪ್ಪು, ಆದೇಶ ಬಂದು "ಮೋಟುಗೋವಿ" ಆಗಬೇಕು.

"ಕೋವಿ"ಯನ್ನು ಮಾತ್ರ ಬಿಡಬೇಡಿ. ಕೋವಿ ಎಂದರೆ ಮೊದಲು ಕೊಳವೆ, ಆಮೇಲೆ ಆಯುಧ. ವಸ್ತು ಹೊರಗಿನಿಂದ ಬಂದಾಗ ನಮ್ಮವರು ಮನೆಯೊಳಗಿನ ಪದವನ್ನೇ ಅದಕ್ಕೆ ಕೊಟ್ಟರು. ತುಪಾಕಿ ತುರ್ಕಿಯದು. ಬಂದೂಕು ಅರಬ್ಬಿಯದು, "ಬುಂದುಕ್" ಎಂದರೆ ಒಂದು ಬಗೆಯ ಕಾಯಿ, ಗುಂಡಗಿರುವುದರಿಂದ ಗುಂಡಿಗೂ ಅದೇ ಹೆಸರಾಯಿತು. ನಮಗೆ ಅವೆರಡೂ ಬೇಡ.

ಶಾಟ್‌ಗನ್ = ಚರೆಗೋವಿ, ಚರೆ ಎಂದರೆ ಒಂದೇ ತೋಟಾದಿಂದ ಒಟ್ಟಿಗೆ ಹಾರುವ ಸಣ್ಣ ಗುಂಡುಗಳು. ಪಂಪ್-ಆಕ್ಷನ್ = ಜಗ್ಗುಗೋವಿ. ಮನೆಯ ಕಾವಲಿನದು = ಕಾಪುಗೋವಿ. ಮುಗಿಯಿತು.

[ತೀರ್ಥಹಳ್ಳಿಯಿಂದ]

ಮೇಷ್ಟ್ರೇ, ಚರೆ ಹಿಂದಿಯ "ಛರ್ರಾ". ಅರಬ್ಬಿ ಬೇಡ, ಹಿಂದಿ ಇರಲಿ ಎನ್ನುವುದು ಯಾವ ನ್ಯಾಯ?

"ಜಗ್ಗುಗೋವಿ" ಎಂದರೆ ನಮ್ಮ ಕಡೆ ಯಾರಿಗೂ ತಿಳಿಯುವುದಿಲ್ಲ. ಕೇಪಿನ ಕೋವಿ, ತೋಟಾ ಕೋವಿ, ಒಂಟಿ ನಳಿಗೆ, ಜೋಡಿ ನಳಿಗೆ. ಇವು ಜನರ ಬಾಯಲ್ಲಿವೆ. ಇವುಗಳಲ್ಲಿ ಕೇಪು, ಅಂದರೆ ಬಡಿದರೆ ಸಿಡಿದು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಟೊಪ್ಪಿ, ಇಂಗ್ಲಿಷಿನದು. ಅದಕ್ಕೇ ಯಾರಾದರೂ ಕೇಪಿನ ಕೋವಿಯನ್ನು ಅಟ್ಟಕ್ಕೆ ಹಾಕಿದ್ದಾರಾ?

[ಬೆಂಗಳೂರಿನಿಂದ, ಸುದ್ದಿಮನೆ]

ಶಾಟ್‌ಗನ್ ಎಂದೇ ಬರೆಯಿರಿ ಮೇಡಂ. ಪೊಲೀಸ್ ವರದಿಯಲ್ಲಿ ಎಸ್‌ಬಿಬಿಎಲ್, ಡಿಬಿಬಿಎಲ್ (ಹಿಂಬದಿಯಿಂದ ತೋಟಾ ತುಂಬುವ ಒಂಟಿ, ಜೋಡಿ ನಳಿಗೆಯವು) ಎಂದು ಬರುತ್ತದೆ. ನಾವು ಅದನ್ನು "ನಾಡ ಬಂದೂಕು", "ಜೋಡಿ ನಳಿಗೆ ಬಂದೂಕು" ಎಂದು ಹೇಗೋ ಹೊಂದಿಸುತ್ತೇವೆ. ಪಂಪ್-ಆಕ್ಷನ್‌ಗೆ ಹೊಸ ಪದ ಕಟ್ಟಿದರೆ ಓದುವವರು ಅಲ್ಲೇ ನಿಲ್ಲುತ್ತಾರೆ.

[ಮಡಿಕೇರಿಯಿಂದ]

ನಾಡ ಬಂದೂಕು ಬೇರೆ, ಡಿಬಿಬಿಎಲ್ ಬೇರೆ. ಒಂದು ಹಳ್ಳಿಯಲ್ಲಿ ಮಾಡಿದ್ದು, ಇನ್ನೊಂದು ಕಾರ್ಖಾನೆಯದು. ಸುದ್ದಿಮನೆಯವರು ಇವೆರಡನ್ನು ಕಲಸುವುದನ್ನು ನಿಲ್ಲಿಸಬೇಕು. ಕೊಡಗಿನ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯನ್ನು ತೊಳೆದು ಹೂವಿಟ್ಟು ಪೂಜೆ ಮಾಡುವವರು ನಾವು. ನಮ್ಮ ಕೊಡವ ಮಾತಿನಲ್ಲಿ ಇದು "ತೋಕ್". ಹೆಸರು ತಪ್ಪಿದರೆ ನೋವಾಗುತ್ತದೆ.

ತಂಗಿ, ನಿಮ್ಮ ಪದಗಳಿಗೆ ಬರುತ್ತೇನೆ.

ಶಾಟ್‌ಗನ್‌ಗೆ "ಚರೆಕೋವಿ" ಎನ್ನಬಹುದು, ಸಂಧಿ ಹೇಗೆ ಬೇಕಾದರೂ ಇರಲಿ. ರೈಫಲ್ ಬೇರೆ, ಇದು ಬೇರೆ ಎಂಬುದು ಪದದಲ್ಲೇ ಕಾಣುತ್ತದೆ. ನಳಿಗೆಯ ಅಳತೆಗೆ "ಹನ್ನೆರಡು ಬೋರ್" ಎನ್ನಿ, ಗೇಜ್ ಬೇಡ. ಒಂದು ಪೌಂಡ್ ಸೀಸದಿಂದ ಒಂದೇ ಗಾತ್ರದ 12 ಗುಂಡು ಮಾಡಿದರೆ ಒಂದು ಗುಂಡಿನ ದಪ್ಪ ಎಷ್ಟೋ, ನಳಿಗೆಯ ಬಾಯಿ ಅಷ್ಟು.

ರೀಕಾಯಿಲ್‌ಗೆ ಪದ ಹುಡುಕಲೇಬೇಡಿ. ಕೋವಿ ಒದೆಯುತ್ತದೆ. "ಒದೆ" ಅಷ್ಟೇ. ಶಾಕ್‌ವೇವ್ ತರದ್ದರಲ್ಲಿ ಹೆಗಲಿಗೆ ಆನಿಸುವ ಮರ ಇಲ್ಲ, ಬಾಗಿದ ಹಿಡಿ ಮಾತ್ರ. ಒದೆಯೆಲ್ಲ ಮಣಿಕಟ್ಟಿಗೆ ಬರುತ್ತದೆ, ಗುರಿಯೂ ಕಷ್ಟ. ಈ ಮಾತು ಲೇಖನದಲ್ಲಿ ಇಲ್ಲದಿದ್ದರೆ ಆ ಹೋಲಿಕೆ ಅರ್ಧ.

ಬಕ್‌ಶಾಟ್‌ಗೆ "ದಪ್ಪ ಚರೆ". ನಾವು ಎಲ್‌ಜಿ, ಎಸ್‌ಜಿ ಎನ್ನುತ್ತೇವೆ. ಅವು ಬ್ರಿಟಿಷ್ ಕಾಲದ ಅಳತೆಯ ಹೆಸರು, ಅಮೆರಿಕದವರಿಗೆ ಒಗ್ಗುವುದಿಲ್ಲ. ಬರ್ಡ್‌ಶಾಟ್ "ಸಣ್ಣ ಚರೆ", ಸ್ಲಗ್ "ಒಂಟಿ ಗುಂಡು".

"ಮೋಟು" ಮಾತ್ರ ಹಾಕಲೇಬೇಡಿ. ಮೋಟು ಎಂದರೆ ಕತ್ತರಿಸಿದ್ದು. ನಮ್ಮ 1959ರ ಆರ್ಮ್ಸ್ ಆಕ್ಟ್‌ನಲ್ಲಿ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡುವುದೇ ಅಪರಾಧ. ಕಾರ್ಖಾನೆಯಿಂದಲೇ ಗಿಡ್ಡವಾಗಿ ಬಂದದ್ದನ್ನು ಮೋಟು ಎಂದರೆ ಓದುವವರು ಕಳ್ಳಕೋವಿ ಎಂದುಕೊಳ್ಳುತ್ತಾರೆ.

[ಆಸ್ಟಿನ್‌ನಿಂದ]

ಅಣ್ಣ, ಈ ಕೊನೆಯ ಮಾತು ನನಗೆ ತುಂಬಾ ಬೇಕಿತ್ತು. ಇಲ್ಲಿ ತೊಡಕು ಇನ್ನೂ ಜಾಸ್ತಿ. 1934ರ ಕಾನೂನಿನ ಪ್ರಕಾರ ಶಾಟ್‌ಗನ್ನಿನ ನಳಿಗೆ 18 ಇಂಚಿಗಿಂತ ಕಡಿಮೆ ಇದ್ದರೆ ಸರ್ಕಾರದಲ್ಲಿ ಬೇರೆಯಾಗಿ ನೋಂದಾಯಿಸಬೇಕು. ಆದರೆ ಶಾಟ್‌ಗನ್ ಎಂದರೆ ಹೆಗಲಿಗೆ ಆನಿಸಿ ಹೊಡೆಯುವುದು ಎಂಬುದು ಕಾನೂನಿನ ವ್ಯಾಖ್ಯೆ. ಶಾಕ್‌ವೇವ್, ಟ್ಯಾಕ್-14 ಎರಡೂ ಹೆಗಲ ಮರವಿಲ್ಲದೆಯೇ ಕಾರ್ಖಾನೆಯಿಂದ ಬರುತ್ತವೆ, ಒಟ್ಟು ಉದ್ದವೂ 26 ಇಂಚು ದಾಟುತ್ತದೆ. ಹಾಗಾಗಿ ಕೇಂದ್ರದ ಕಾನೂನಿನ ಲೆಕ್ಕದಲ್ಲಿ ಅವು ಶಾಟ್‌ಗನ್ನೇ ಅಲ್ಲ, ಬರೀ "ಫೈರ್‌ಆರ್ಮ್". ಕೆಲವು ರಾಜ್ಯಗಳ ಕಾನೂನು ಬೇರೆ ಇದೆ. ಕೆಎಸ್‌ಜಿ ಮಾತ್ರ ನಿಜವಾದ ಶಾಟ್‌ಗನ್. ಅದರ ಯಂತ್ರಭಾಗ ಟ್ರಿಗರಿನ ಹಿಂದೆ ಇರುವುದರಿಂದ 18.5 ಇಂಚಿನ ನಳಿಗೆ ಇಟ್ಟುಕೊಂಡೂ ಗಿಡ್ಡವಾಗಿದೆ.

ಈಗ ಮೂರನ್ನೂ "ಚರೆಕೋವಿ" ಎಂದರೆ ಈ ವ್ಯತ್ಯಾಸ ಅಳಿಸಿಹೋಗುವುದಿಲ್ಲವೇ?

[ಮೈಸೂರಿನಿಂದ]

ಕಾನೂನಿನ ಪದ ಬೇರೆ, ಆಡುವ ಪದ ಬೇರೆ. ಚರೆ ಹಾರಿಸುವುದು ಚರೆಗೋವಿ. ಅಮೆರಿಕದ ಕಚೇರಿ ಏನು ಕರೆಯುತ್ತದೆ ಎಂದು ನೋಡಿ ನಾವು ಕನ್ನಡ ಕಟ್ಟಬೇಕಿಲ್ಲ. ಫೈರ್‌ಆರ್ಮ್‌ಗೆ "ಸಿಡಿಗೈದು" ಎನ್ನಿ. ಕೈದು ಎಂದರೆ ಆಯುಧ, ಹಳಗನ್ನಡದ ಪದ.

ಚರೆ ಹಿಂದಿ ಎಂದವರಿಗೆ: ಬಂದು ತಲೆಮಾರುಗಳಾಗಿವೆ, ಕೊನೆಗೆ ಎಕಾರ ಹಚ್ಚಿಕೊಂಡು ಮಹಾಪ್ರಾಣ ಕಳಚಿಕೊಂಡಿದೆ. ಅದು ನಮ್ಮದಾಗಿದೆ. ಪಂಪ್ ಇನ್ನೂ ಆಗಿಲ್ಲ.

[ತೀರ್ಥಹಳ್ಳಿಯಿಂದ]

ಪಂಪ್ ಆಗಿಲ್ಲವೇ? ಪಂಪು, ಪಂಪಿಗೆ, ಪಂಪ್‌ಸೆಟ್ಟು. ತೋಟದಲ್ಲಿ ದಿನಕ್ಕೆ ಎಷ್ಟು ಸಲ ಈ ಮಾತು ಬರುತ್ತದೆ, ಒಮ್ಮೆ ಬಂದು ಕೇಳಿ. ಸಿಡಿಗೈದು ಎಂದು ಯಾವ ಅಂಗಡಿಯಲ್ಲಿ ಕೇಳುತ್ತಾರೆ? ಎರವಲು ಪದದ ಮೇಲೆ ನಿಮಗಿರುವ ಸಿಟ್ಟನ್ನು ಪದ ಬಳಸುವ ಜನರ ಮೇಲೆ ತೀರಿಸಬೇಡಿ.

[ಮೈಸೂರಿನಿಂದ]

ಸಿಟ್ಟಲ್ಲ, ಕಾಳಜಿ. ಇಂದು ಪಂಪ್, ನಾಳೆ ಟ್ರಿಗರ್. ಕೋವಿಗೆ ಕುದುರೆ ಇಲ್ಲವೇ?

[ಮಡಿಕೇರಿಯಿಂದ]

ಇದೆ ಸಾರ್. ಆದರೆ ಕುದುರೆ ಎಂದರೆ ಮೇಲೆ ಎದ್ದು ನಿಂತು ಕೇಪಿಗೆ ಬಡಿಯುವ ತುಂಡು. ಬೆರಳಿಂದ ಎಳೆಯುವುದು ಟ್ರಿಗರ್. ಈ ಮೂರರಲ್ಲೂ ಕುದುರೆ ಒಳಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಟ್ರಿಗರನ್ನು ಕುದುರೆ ಎಂದು ಬರೆದರೆ ಬಲ್ಲವರು ಲೇಖನವನ್ನೇ ನಂಬುವುದಿಲ್ಲ.

ಪಂಪ್ ಇರಲಿ. ಸೈಕಲ್ ಪಂಪಿನ ಹಾಗೆ ಹಿಡಿಯನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳುವ ಕೆಲಸ, ಪದದಲ್ಲೇ ಅದು ಕಾಣುತ್ತದೆ. ಹಿಂದಕ್ಕೆ ಎಳೆದಾಗ ಖಾಲಿ ತೋಟಾ ಹೊರಗೆ ಹಾರುತ್ತದೆ, ಮುಂದಕ್ಕೆ ತಳ್ಳಿದಾಗ ಹೊಸದು ಕೂರುತ್ತದೆ. "ಜಗ್ಗು" ಎಂದರೆ ಅರ್ಧ ಕೆಲಸ ಮಾತ್ರ ಹೇಳಿದಂತೆ. ಗಾಬರಿಯಲ್ಲಿ ಪೂರ್ತಿ ಎಳೆಯದೆ ಬಿಟ್ಟರೆ ತೋಟಾ ಸಿಕ್ಕಿಕೊಳ್ಳಬಹುದು. ಆದ್ದರಿಂದ ಎಳೆಯುವುದು, ತಳ್ಳುವುದು ಎರಡನ್ನೂ ಒಂದು ಸಲ ಬಿಡಿಸಿ ಬರೆಯಿರಿ.

ಸೇಫ್ಟಿಯೂ ಸೇಫ್ಟಿಯೇ ಇರಲಿ. ಮಾಸ್‌ಬರ್ಗ್‌ನಲ್ಲಿ ಅದು ಮೇಲೆ ಹಿಂತುದಿಯಲ್ಲಿ, ಹೆಬ್ಬೆರಳಿಗೆ ಸಿಗುತ್ತದೆ. ಎಡಗೈಯವರಿಗೂ ಸಲೀಸು. ರೆಮಿಂಗ್ಟನ್‌ನಲ್ಲಿ ಟ್ರಿಗರಿನ ಹಿಂದೆ ಅಡ್ಡ ಒತ್ತುವ ಗುಂಡಿ. ಹೋಲಿಕೆಯಲ್ಲಿ ಇದು ಮುಖ್ಯ, ಬಿಡಬೇಡಿ.

[ಆಸ್ಟಿನ್‌ನಿಂದ]

ಎಲ್ಲರಿಗೂ ವಂದನೆ. ತಲೆಬರಹ: "ಮನೆ ಕಾವಲಿಗೆ ಗಿಡ್ಡ ಪಂಪ್ ಕೋವಿ: ಮೂರರ ಹೋಲಿಕೆ". ಒಳಗೆ ಚರೆಕೋವಿ, ದಪ್ಪ ಚರೆ, ಒದೆ, ತೋಟಾ, ಟ್ರಿಗರ್, ಸೇಫ್ಟಿ. ಕಾನೂನಿನ ಪ್ಯಾರಾದಲ್ಲಿ ಮಾತ್ರ ಶಾಟ್‌ಗನ್, ಫೈರ್‌ಆರ್ಮ್ ಎರಡನ್ನೂ ಹಾಗೇ ಇಟ್ಟು, ಹೆಗಲ ಮರದ ವಿಷಯ ಬಿಡಿಸಿ ಹೇಳುತ್ತೇನೆ. ಮೇಷ್ಟ್ರೇ, "ಕಾಪು" ನನಗೂ ಇಷ್ಟ. ಆದರೆ ಇಲ್ಲಿ ಹುಟ್ಟಿ ಬೆಳೆದ ಮಕ್ಕಳೂ ಇದನ್ನು ಓದುತ್ತಾರೆ, ಅವರಿಗೆ "ಕಾವಲು" ಬೇಗ ತಿಳಿಯುತ್ತದೆ.

ಕೆಎಸ್‌ಜಿಯಲ್ಲಿ ನಳಿಗೆಯ ಕೆಳಗೆ ತೋಟಾ ತುಂಬುವ ಎರಡು ಕೊಳವೆಗಳಿವೆ. "ಜೋಡಿ ಕೊಳವೆ" ಎಂದರೆ ಜೋಡಿ ನಳಿಗೆಯೊಂದಿಗೆ ಗೊಂದಲ ಆಗುತ್ತದೆಯೇ? ಬೆಳಿಗ್ಗೆಯೊಳಗೆ ತಿಳಿಸಿ.

[ಮಡಿಕೇರಿಯಿಂದ]

ಆಗುತ್ತದೆ. "ಎರಡು ತೋಟಾ ಕೊಳವೆ" ಎನ್ನಿ.