ಪದಚರ್ಚೆ: ‘ಟ್ಯಾಕ್ಟಿಕಲ್ ವೋಟಿಂಗ್’ ಅನ್ನು ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗಾಗಿ ಇಲ್ಲಿನ ಚುನಾವಣೆಯ ಬಗ್ಗೆ ಒಂದು ಸಣ್ಣ ಬರಹ ಮಾಡುತ್ತಿದ್ದೇನೆ. (ಇಂಡಿಯಾ ಪಾಸ್‌ಪೋರ್ಟ್ ಇದ್ದವರಿಗೂ ಕಾಮನ್‌ವೆಲ್ತ್ ಪ್ರಜೆಗಳೆಂದು ಇಲ್ಲಿ ಓಟು ಇದೆ. ಎಷ್ಟೋ ಜನಕ್ಕೆ ಇದೇ ಗೊತ್ತಿರುವುದಿಲ್ಲ.) ಬರಹ ಅರ್ಧಕ್ಕೆ ನಿಂತಿದೆ, ಒಂದೇ ಒಂದು ಪದಕ್ಕಾಗಿ.

ಸಂಗತಿ ಇಷ್ಟು. ಒಬ್ಬರಿಗೆ ಗ್ರೀನ್ ಪಕ್ಷ ಇಷ್ಟ. ಆದರೆ ಅವರ ಕ್ಷೇತ್ರದಲ್ಲಿ ಹಣಾಹಣಿ ಇರುವುದು ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಾಟ್ ನಡುವೆ. ಕನ್ಸರ್ವೇಟಿವ್ ಗೆಲ್ಲಬಾರದು ಅನ್ನುವುದೇ ಅವರಿಗೆ ಮುಖ್ಯ. ಹಾಗಾಗಿ ಗ್ರೀನನ್ನು ಬದಿಗಿಟ್ಟು ಲಿಬರಲ್ ಡೆಮಾಕ್ರಾಟಿಗೆ ಓಟು ಹಾಕುತ್ತಾರೆ. ಇದನ್ನು ಇಲ್ಲಿ ‘ಟ್ಯಾಕ್ಟಿಕಲ್ ವೋಟಿಂಗ್’ ಅನ್ನುತ್ತಾರೆ. ನಾವೇನನ್ನೋಣ?

ಥಟ್ಟನೆ ಬಾಯಿಗೆ ಬರುವುದು ‘ತಂತ್ರಗಾರಿಕೆಯ ಮತದಾನ’. ನನಗೆ ಯಾಕೋ ಒಗ್ಗುತ್ತಿಲ್ಲ. ತಂತ್ರಗಾರಿಕೆ ಅಂದರೆ ನಮ್ಮ ಕಿವಿಗೆ ಅದು ಹೈಕಮಾಂಡಿನ ಕೆಲಸ, ರೆಸಾರ್ಟಿನ ಕೆಲಸ. ಪಕ್ಕದಲ್ಲೇ ‘ಕುತಂತ್ರ’ ಬೇರೆ ಕೂತಿದೆ. ಇಲ್ಲಿ ಓಟು ಹಾಕುವವರು ಯಾರಿಗೂ ಮೋಸ ಮಾಡುತ್ತಿಲ್ಲ, ಮನಸ್ಸಿಲ್ಲದ ಮನಸ್ಸಿನಿಂದ ಇನ್ನೊಂದು ಗುರುತಿನ ಮುಂದೆ ಗೀಟು ಹಾಕುತ್ತಿದ್ದಾರೆ, ಅಷ್ಟೆ. ‘ಅಡ್ಡ ಮತದಾನ’ ಚೆನ್ನಾಗಿತ್ತು, ಆದರೆ ಅದನ್ನು ರಾಜ್ಯಸಭೆ ಚುನಾವಣೆಯಲ್ಲಿ ಪಕ್ಷಕ್ಕೆ ಕೈ ಕೊಡುವ ಶಾಸಕರು ಆಗಲೇ ಹಿಡಿದುಕೊಂಡಿದ್ದಾರೆ. ‘ಲೆಕ್ಕಾಚಾರದ ಓಟು’ ಅಂದರೆ ಜಾತಿ ಲೆಕ್ಕಾಚಾರ ನೆನಪಿಗೆ ಬರುತ್ತದೆ.

ಹುಡುಕುತ್ತಾ ಹೋದಾಗ ಒಂದು ವಿಷಯ ಕಾಣಿಸಿತು. ಈ ಸುತ್ತಮುತ್ತ ನಮ್ಮಲ್ಲಿ ಪದಗಳಿಗೇನೂ ಬರ ಇಲ್ಲ. ಓಟು ಒಡೆಯೋದು, ಠೇವಣಿ ಹೋಗೋದು, ಡಮ್ಮಿ ಕ್ಯಾಂಡಿಡೇಟು, ಬಿ ಟೀಮ್, ತ್ರಿಕೋನ ಸ್ಪರ್ಧೆ. ಆದರೆ ಎಲ್ಲವೂ ಚುನಾವಣೆಗೆ ನಿಂತವರ ಕಡೆಯಿಂದ ನೋಡಿದ ಮಾತು. ಓಟಿಗೆ ಏನಾಯಿತು ಅಂತ ಹೇಳುತ್ತವೆ, ಹಾಕಿದವರು ಏನು ಮಾಡಿದರು ಅಂತ ಹೇಳುವುದಿಲ್ಲ. ಹಾಕುವವರ ಬಗ್ಗೆ ಇರುವುದು ಒಂದೇ ಗದರಿಕೆ: ‘ಅವನಿಗೆ ಹಾಕಿದ್ರೆ ಓಟು ವೇಸ್ಟು’. ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ ಅಂತ. ಇದನ್ನು ಹೇಳುವವರು ಸಾಮಾನ್ಯವಾಗಿ ದೊಡ್ಡ ಪಕ್ಷದವರೇ ಆಗಿರುತ್ತಾರೆ ಅನ್ನುವುದು ಬೇರೆ ಮಾತು!

ನನಗೆ ಹೊಳೆದ ಪದ ‘ಕೈಗಡ’. ಕೈಗಡದ ಓಟು.

ಇದು ಪೂರ್ತಿ ನನ್ನ ಕಲ್ಪನೆ ಅಲ್ಲ. 2019ರ ಡಿಸೆಂಬರಿನಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಲೇಬರ್ ಪಕ್ಷದ ಕೋಟೆಗಳು ಕನ್ಸರ್ವೇಟಿವ್ ಪಾಲಾದಾಗ, ನೀವು ನಿಮ್ಮ ಓಟನ್ನು ನಮಗೆ ಕಡವಾಗಿ ಮಾತ್ರ ಕೊಟ್ಟಿರಬಹುದು ಎಂಬರ್ಥದ ಮಾತನ್ನು ಕನ್ಸರ್ವೇಟಿವ್ ನಾಯಕ, ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಆಡಿದ್ದರು. (2024ರಲ್ಲಿ ಆ ಕ್ಷೇತ್ರಗಳಲ್ಲಿ ಬಹಳಷ್ಟು ಲೇಬರಿಗೆ ವಾಪಸ್ ಹೋದವು.) ಜರ್ಮನಿಯಲ್ಲಂತೂ ‘ಲೈಶ್ಟಿಮ್ಮೆ’ ಅನ್ನುವ ಪದವೇ ಇದೆ. ‘ಲೈ’ ಅಂದರೆ ಕಡ, ‘ಶ್ಟಿಮ್ಮೆ’ ಅಂದರೆ ಓಟು. ಅಲ್ಲಿ ಪದ್ಧತಿ ಬೇರೆ, ಒಬ್ಬೊಬ್ಬರಿಗೆ ಎರಡು ಓಟು, ಮೊದಲನೆಯದು ಅಭ್ಯರ್ಥಿಗೆ, ಎರಡನೆಯದು ಪಕ್ಷಕ್ಕೆ. ಗೆಳೆಯ ಪಕ್ಷ ಸಂಸತ್ತಿಗೆ ಬರಲು ಬೇಕಾದ ಶೇ 5ರ ಗೆರೆ ದಾಟಲಿ ಅಂತ ದೊಡ್ಡ ಪಕ್ಷದವರು ಎರಡನೆಯದನ್ನು ಅದಕ್ಕೆ ಕೊಡುತ್ತಾರೆ. ಅಂದರೆ ಕಡ ದೊಡ್ಡವರಿಂದ ಸಣ್ಣವರಿಗೆ. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಉಲ್ಟಾ.

‘ಎರವಲು’ ಆಗಬಹುದಲ್ವಾ ಅಂತ ನೀವು ಕೇಳಬಹುದು. ನಮ್ಮ ಮನೆ ಮಾತಿನಲ್ಲಿ ಎರವಲು ತಂದದ್ದನ್ನೇ ತಿರುಗಿ ಕೊಡಬೇಕು. ಒಡವೆ, ಪಾತ್ರೆ, ಪುಸ್ತಕ ಎರವಲು. ಪಕ್ಕದ ಮನೆಯಿಂದ ತಂದ ಒಂದು ಲೋಟ ಸಕ್ಕರೆ ಕಡ. ಬೇರೆ ಸಕ್ಕರೆಯನ್ನು ಅಷ್ಟೇ ಅಳೆದು ಕೊಟ್ಟರೆ ಆಯಿತು. ಹೋದ ಓಟು ಮತ್ತೆ ಬರುವುದಿಲ್ಲ, ಮುಂದಿನ ಸಲ ಹೊಸದು ಬರುತ್ತದೆ. ಹಾಗಾಗಿ ಕಡವೇ ಸರಿ. ‘ಸಾಲ’ ಅಂದರೆ ಬಡ್ಡಿ, ಪತ್ರ, ಬ್ಯಾಂಕು ಎಲ್ಲ ಬಂತು. ಕೈಗಡದಲ್ಲಿ ಅದ್ಯಾವುದೂ ಇಲ್ಲ.

ಗೆಳೆಯರೊಬ್ಬರು ಇದಕ್ಕೆ ತಕರಾರು ತೆಗೆದರು. ಕೈಗಡ ಇಸಕೊಂಡವನಿಗೆ ಇಸಕೊಂಡದ್ದು ಗೊತ್ತಿರುತ್ತದೆ. ಗೆದ್ದ ಅಭ್ಯರ್ಥಿ ಎಲ್ಲ ತನ್ನದೇ ಓಟು ಅಂದುಕೊಂಡು ಬೀಗುತ್ತಾನೆ, ಆಗ ಅದು ಕಡ ಹೇಗೆ? ಮಾತು ಸರಿಯೇ. ನನ್ನ ಬಳಿ ಉತ್ತರ ಇಲ್ಲ. ‘ತಡೆಯೋಟು’ ಅನ್ನಿ, ಒಬ್ಬನನ್ನು ತಡೆಯಲಿಕ್ಕೆ ಹಾಕಿದ್ದು, ಅಂದರು ಅವರು. ಅರ್ಥ ಚೆನ್ನಾಗಿದೆ, ಬಾಯಿಗೆ ಸ್ವಲ್ಪ ತೊಡಕು.

ಇದರ ಜೊತೆಗೆ ಇನ್ನೊಂದು ತೊಡಕು. ಇಲ್ಲಿನ ಚುನಾವಣಾ ಪದ್ಧತಿಯ ಹೆಸರೇ ‘ಫಸ್ಟ್ ಪಾಸ್ಟ್ ದಿ ಪೋಸ್ಟ್’. ಕುದುರೆ ರೇಸಿನಿಂದ ಬಂದ ಮಾತು, ಕಂಬ ಮೊದಲು ದಾಟಿದವರು ಗೆದ್ದರು ಅಂತ. ನಿಜ ನೋಡಿದರೆ ಇಲ್ಲಿ ಕಂಬವೇ ಇಲ್ಲ! ಎರಡನೆಯವರಿಗಿಂತ ಒಂದು ಓಟು ಜಾಸ್ತಿ ಬಂದರೆ ಸಾಕು. ನಮ್ಮಲ್ಲಿ ಇದನ್ನು ‘ಸರಳ ಬಹುಮತ ಪದ್ಧತಿ’ ಅಂತ ಬರೆಯುವುದುಂಟು. ಆದರೆ ವಿಧಾನಸಭೆಯ 224ರಲ್ಲಿ 113 ಬಂದರೆ ಅದನ್ನೂ ಸರಳ ಬಹುಮತ ಅನ್ನುತ್ತೇವೆ. ಒಂದು ಕಡೆ ಅರ್ಧಕ್ಕಿಂತ ಹೆಚ್ಚು, ಇನ್ನೊಂದು ಕಡೆ ಬರೀ ಎಲ್ಲರಿಗಿಂತ ಹೆಚ್ಚು. ಎರಡಕ್ಕೂ ಒಂದೇ ಪದ ಹೇಗೆ ಸಾಕಾಗುತ್ತದೆ? 2024ರಲ್ಲಿ ಸೌತ್ ವೆಸ್ಟ್ ನಾರ್ಫೋಕ್‌ನಲ್ಲಿ ಮಾಜಿ ಪ್ರಧಾನಿ ಲಿಜ್ ಟ್ರಸ್ ಸೋತರು. ಗೆದ್ದವರಿಗೆ ಬಿದ್ದದ್ದು ಶೇ 26.7 ಓಟು. ಅಂದರೆ ನಾಲ್ಕರಲ್ಲಿ ಸುಮಾರು ಮೂರು ಪಾಲು ಜನ ಬೇರೆಯವರಿಗೆ ಹಾಕಿದ್ದರು. ಇದನ್ನು ಬಹುಮತ ಅನ್ನಲು ನನ್ನ ಪೆನ್ನು ಏಳುವುದಿಲ್ಲ. ನಾನು ಸದ್ಯಕ್ಕೆ ‘ಹೆಚ್ಚು ಓಟಿನ ಗೆಲುವು’ ಅಂತ ಬರೆದಿದ್ದೇನೆ. ಇಲ್ಲಿನವರು ಗೆಲುವಿನ ಅಂತರವನ್ನೂ ‘ಮೆಜಾರಿಟಿ’ ಅನ್ನುತ್ತಾರೆ. ಟ್ರಸ್ ಸೋತದ್ದು 630 ಓಟಿನ ಅಂತರದಲ್ಲಿ. ಅದನ್ನು ಯಾರೂ ‘630ರ ಬಹುಮತ’ ಅಂತ ಅನುವಾದ ಮಾಡದಿರಲಿ. ‘ಅಂತರ’ದಂಥ ಒಳ್ಳೆ ಪದ ನಮ್ಮಲ್ಲಿದೆ.

‘ಸಣ್ಣ ಪಕ್ಷ’ ಅನ್ನುವುದರಲ್ಲೂ ಇದೇ ಗೋಜಲು. ಅದೇ ಚುನಾವಣೆಯಲ್ಲಿ ರಿಫಾರ್ಮ್ ಪಕ್ಷಕ್ಕೆ ಶೇ 14.3 ಓಟು, 5 ಸೀಟು. ಲಿಬರಲ್ ಡೆಮಾಕ್ರಾಟಿಗೆ ಶೇ 12.2 ಓಟು, 72 ಸೀಟು. ಇದರಲ್ಲಿ ಸಣ್ಣದು ಯಾವುದು? ಒಂದರ ಓಟು ದೇಶದ ತುಂಬ ಚೆಲ್ಲಾಪಿಲ್ಲಿ, ಇನ್ನೊಂದರದ್ದು ಗೆಲ್ಲುವ ಕಡೆ ಗುಡ್ಡೆ ಬಿದ್ದದ್ದು. ಕೈಗಡ ಕೇಳುವುದರಲ್ಲೂ ಲಿಬರಲ್ ಡೆಮಾಕ್ರಾಟರು ನಿಸ್ಸೀಮರು. ‘ಇಲ್ಲಿ ಲೇಬರ್ ಗೆಲ್ಲೋದಿಲ್ಲ’ ಅಂತ ಓಟಿನ ಬಾರ್ ಚಾರ್ಟ್ ಬಿಡಿಸಿದ ಕರಪತ್ರ ಅವರದ್ದು ಇಲ್ಲಿ ಮನೆಮಾತು. ನಮ್ಮಲ್ಲೂ 2018ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36 ಓಟು ಬಂದು, ಸೀಟು ಮಾತ್ರ 80 ಮತ್ತು 104 ಆಗಿತ್ತಲ್ಲ. ನಾನು ಈಗ ‘ಕಡಿಮೆ ಸೀಟಿನ ಪಕ್ಷ’, ‘ಕಡಿಮೆ ಓಟಿನ ಪಕ್ಷ’ ಅಂತ ಬಿಡಿಸಿಯೇ ಬರೆಯುತ್ತಿದ್ದೇನೆ. ಉದ್ದವಾದರೂ ಪರವಾಗಿಲ್ಲ.

ನನ್ನ ಪ್ರಶ್ನೆ ಮುಖ್ಯವಾಗಿ ಹಳ್ಳಿ ಕಡೆಯವರಿಗೆ, ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರಿಗೆ. ಪಂಚಾಯಿತಿ ಎಲೆಕ್ಷನ್ನಿನಲ್ಲಿ ‘ನಮ್ಮವನು ಗೆಲ್ಲಲ್ಲ, ಆದ್ರೆ ಅವನು ಬರಬಾರ್ದು, ಅದಕ್ಕೆ ಇವನಿಗೆ ಹಾಕ್ದೆ’ ಅನ್ನುವುದನ್ನು ನಿಮ್ಮ ಕಡೆ ಒಂದೇ ಪದದಲ್ಲಿ ಹೇಳುವುದುಂಟೇ? ಇದ್ದರೆ ತಿಳಿಸಿ, ಕೈಗಡವನ್ನು ಇವತ್ತೇ ಬಿಟ್ಟುಬಿಡುತ್ತೇನೆ.