ಸಹಾಯ ಬೇಕು: ದಪ್ಪ ಗೋಡೆಯ ಹಳೇ ಮನೆಗೆ ವೈಫೈ

ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಅಜ್ಜನ ಕಾಲದ ತೋಟದ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಹೋದ ತಿಂಗಳು ಫೈಬರ್ ಹಾಕಿಸಿದ್ವಿ. ಜಗಲಿಯಲ್ಲಿ ರೂಟರ್ ಪಕ್ಕ ಕೂತರೆ 5 ಗಿಗಾಹರ್ಟ್ಜ್‌ನಲ್ಲಿ (ವೈಫೈಯ ವೇಗದ ಬ್ಯಾಂಡ್, ಗೋಡೆ ದಾಟೋದು ಕಮ್ಮಿ) ಒಳ್ಳೇ ಸ್ಪೀಡ್. ನಡುಮನೆ ದಾಟಿದರೆ ಸಿಗ್ನಲ್ಲೇ ಇಲ್ಲ. ಇನ್ನೂ ದೂರ ಹೋಗೋ 2.4 ಗಿಗಾಹರ್ಟ್ಜ್ ಬ್ಯಾಂಡ್‌ಗೆ ಹಾಕಿದರೆ ಒಂದು ಕಡ್ಡಿ ಬರುತ್ತೆ, ವಿಡಿಯೋ ಕಾಲ್ ನಿಲ್ಲಲ್ಲ. ಪಿಯುಸಿ ಓದೋ ಮಗಳು ಈ ಮಳೆಯಲ್ಲಿ ಕಂಬಳಿ ಹೊದ್ದು ಜಗಲಿಯಲ್ಲೇ ಕೂತು ಪಾಠ ಕೇಳ್ತಾಳೆ, ನೋಡಿದ್ರೆ ಸಂಕಟ ಆಗುತ್ತೆ.

ಅಂಗಡಿಯವರು ರಿಪೀಟರ್ (ಬಂದ ವೈಫೈ ಸಿಗ್ನಲ್ಲನ್ನೇ ಹಿಡಿದು ಮುಂದಕ್ಕೆ ದಾಟಿಸೋ ಸಾಧನ) ಸಾಕು ಅಂತಾರೆ. ಬರೋ ಸಿಗ್ನಲ್ಲೇ ಸೊರಗಿದ್ರೆ ಅದು ದಾಟಿಸೋದಾದ್ರೂ ಏನು? ಅಟ್ಟದ ಮೇಲಿಂದ ಲ್ಯಾನ್ ಕೇಬಲ್ ಎಳೆದು, ಒಳಗೆ ಇನ್ನೊಂದು ರೂಟರ್ ತಂದು ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನ ಅಲ್ಲೇ ವೈಫೈ ಆಗಿ ಹರಡೋದು) ಮಾಡೋಣ ಅಂತಿದ್ದೀನಿ. ಇಲಿ ಕಾಟ ಇದೆ, ಪೈಪಿನೊಳಗೇ ಎಳೀಬೇಕು. ಹೀಗೆ ಮಾಡಿರೋರು ಯಾವ ರೂಟರ್ ತಗೊಂಡ್ರಿ, ಸೆಟ್ಟಿಂಗ್ ಹೇಗೆ ಮಾಡಿದ್ರಿ, ದಯವಿಟ್ಟು ತಿಳಿಸಿ.