ರಾತ್ರಿ ಕಾಲ್, ಬೆಳಗಿನ ಆಟ: ಎರಡನ್ನೂ ನೀವು ಹೇಗೆ ನಿಭಾಯಿಸ್ತೀರಿ?

ಕೇಳಿದವರು: ಬ್ಯಾಕೆಂಡ್ ಕೆಲಸ, ಬೆಳ್ಳಂದೂರು

ನಮಸ್ಕಾರ. ವಯಸ್ಸು 33. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ದಿನಾ ಸಂಜೆ ಶಟಲ್ ಆಡ್ತಿದ್ದೆ, ಆಗ 64 ಕೆಜಿ. ಈಗ 82. ವಾರಕ್ಕೆ ಮೂರು ದಿನ ಆಫೀಸು, ಔಟರ್ ರಿಂಗ್ ರೋಡಿನ ಟ್ರಾಫಿಕ್ ಬಗ್ಗೆ ಹೇಳಬೇಕಾಗಿಲ್ಲ. ಟೀಮಿನ ಅರ್ಧ ಜನ ಅಮೆರಿಕದ ಸಿಯಾಟಲ್‌ನಲ್ಲಿದ್ದಾರೆ, ಹಾಗಾಗಿ ಅವರ ಜೊತೆ ಮೀಟಿಂಗ್ ಕಾಲ್ ರಾತ್ರಿ ಹೊತ್ತು. ನಾಲ್ಕು ವಾರಕ್ಕೊಮ್ಮೆ ಆನ್‌ಕಾಲ್, ಅಂದ್ರೆ ಆ ವಾರ ಯಾವ ಹೊತ್ತಲ್ಲಿ ಸಿಸ್ಟಂ ಕೆಟ್ಟರೂ ನಾನೇ ಎದ್ದು ನೋಡಬೇಕು. ಕಳೆದ ಜನವರಿಯಲ್ಲಿ ಜಿಮ್ಮಿಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿ ಹನ್ನೊಂದು ದಿನ ಹೋದೆ. ಈಗ ಮತ್ತೆ ಶನಿವಾರ-ಭಾನುವಾರ ಶಟಲ್ ಶುರು ಮಾಡೋಣ, ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ನಡೆಯೋ ವರ್ಲ್ಡ್ 10ಕೆ, ಅಂದ್ರೆ ಹತ್ತು ಕಿಲೋಮೀಟರ್ ಓಟ, ಓಡೋಣ ಅಂತ ಆಸೆ. ನಿಮಗೆ ಏನು ಕೆಲಸಕ್ಕೆ ಬಂತು, ಏನು ಕೈಕೊಟ್ಟಿತು ಹೇಳಿ. ಡಯಟ್ ಚಾರ್ಟ್ ದಯವಿಟ್ಟು ಬೇಡ, ನನ್ನ ಹತ್ರ ಆಗಲೇ ಏಳಿವೆ.

ಉತ್ತರ: ಸರ್ವರ್ ನೋಡಿಕೊಳ್ಳೋ ಕೆಲಸ, ಜೆ.ಪಿ. ನಗರ

ನಿಮ್ಮ ಪ್ರಶ್ನೆ ಓದಿ ಒಂದು ಸಲ ನನ್ನ ಎಡಗಾಲು ಮುಟ್ಟಿ ನೋಡಿಕೊಂಡೆ.

ನಾನೂ ಕಾಲೇಜಲ್ಲಿ ಆಡಿದ್ದೀನಿ ಅನ್ನೋ ಧೈರ್ಯದ ಮೇಲೆ, ಎಂಟು ವರ್ಷ ಬಿಟ್ಟು ಕೋರ್ಟಿಗೆ ಇಳಿದವನು. ಸೋಮವಾರದಿಂದ ಶುಕ್ರವಾರದವರೆಗೆ ಕುರ್ಚಿ, ಶನಿವಾರ ಬೆಳಿಗ್ಗೆ ಎರಡು ಗಂಟೆ ಡಬಲ್ಸ್. ನಾಲ್ಕು ತಿಂಗಳು ಹೀಗೇ ನಡೀತು. ಬೆಳಿಗ್ಗೆ ಎದ್ದಾಗ ಹಿಮ್ಮಡಿ ಮೇಲ್ಗಡೆ ಬಿಗಿದುಕೊಂಡಿರ್ತಿತ್ತು, ಬಚ್ಚಲುಮನೆವರೆಗೆ ನಡೆಯೋಷ್ಟರಲ್ಲಿ ಸಡಿಲ ಆಗ್ತಿತ್ತು. ಲೆಕ್ಕಕ್ಕೇ ತಗೊಳ್ಳಲಿಲ್ಲ. ಒಂದು ಶನಿವಾರ ಮೂರನೇ ಗೇಮು, 17–17. ನೆಟ್ ಹತ್ರ ಬಿದ್ದ ಡ್ರಾಪ್ ಎತ್ತೋಕೆ ಮುಂದೆ ನುಗ್ಗಿದೆ. ಹಿಂದಿನಿಂದ ಯಾರೋ ರಾಕೆಟ್ಟಲ್ಲಿ ಕಾಲಿಗೆ ಬಾರಿಸಿದ ಹಾಗಾಯ್ತು. 'ಏನಪ್ಪಾ, ಕಣ್ಣು ಕಾಣಲ್ವಾ' ಅಂತ ತಿರುಗಿದ್ರೆ ನನ್ನ ಜೊತೆಗಾರ ಎರಡು ಮಾರು ದೂರದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದಾನೆ. ಪಕ್ಕದ ಕೋರ್ಟಿನವರಿಗೂ 'ಟಪ್' ಅಂತ ಕೇಳಿಸಿತ್ತಂತೆ.

ಡಾಕ್ಟ್ರು ಬೋರಲು ಮಲಗಿಸಿ ಬಲಗಾಲಿನ ಮೀನಖಂಡ ಹಿಂಡಿದ್ರು, ಪಾದ ತಾನಾಗೇ ಆಡಿತು. ಎಡಗಾಲಿಂದು ಹಿಂಡಿದ್ರು, ಪಾದ ಮಿಸುಕಲಿಲ್ಲ. 'ಸ್ಕ್ಯಾನ್ ಆಮೇಲೆ ಮಾಡೋಣ, ಇದು ಹರಿದಿದೆ' ಅಂದ್ರು. ಅಕಿಲಿಸ್ ಟೆಂಡನ್, ಮೀನಖಂಡವನ್ನ ಹಿಮ್ಮಡಿಗೆ ಕಟ್ಟಿರೋ ದಪ್ಪ ನಾರು. ಆಪರೇಷನ್, ದಪ್ಪ ಬೂಟು, ಊರುಗೋಲು, ಎಲ್ಲ ಆಗಿ ಮತ್ತೆ ಆಡಿದ್ದು ಹತ್ತನೇ ತಿಂಗಳಿಗೆ. ಮೂವತ್ತು-ನಲವತ್ತರ ಆಸುಪಾಸಿನ, ವಾರಕ್ಕೊಂದು ದಿನ ಜೋರಾಗಿ ಆಡೋ ಗಂಡಸರಲ್ಲೇ ಇದು ಹೆಚ್ಚಂತೆ. ಆ ಜಾಗಕ್ಕೆ ರಕ್ತ ಸಂಚಾರ ಮೊದಲೇ ಕಡಿಮೆ, ವಾರವೆಲ್ಲ ಕೂತು ಶನಿವಾರ ಏಕ್‌ದಂ ಎಳೆದ್ರೆ ತಡೆಯಲ್ಲ.

ಹೆದರಿಸೋಕೆ ಹೇಳ್ತಿಲ್ಲ. ಇಪ್ಪತ್ತರಲ್ಲಿ ಆಡಿ ಆಡಿಯೇ ಗಟ್ಟಿ ಆಗ್ತೀವಿ. ಈ ವಯಸ್ಸಲ್ಲಿ ಆಡೋಕೆ ಮುಂಚೆ ಗಟ್ಟಿ ಆಗಬೇಕು. ನನ್ನ ಫಿಸಿಯೋ ಕೊಟ್ಟಿದ್ದು ಒಂದೇ ಒಂದು ಬೇಜಾರಿನ ಕೆಲಸ. ಮೆಟ್ಟಿಲ ಅಂಚಿನಲ್ಲಿ ಮುಂಗಾಲ ಮೇಲೆ ನಿಲ್ಲೋದು, ಎರಡೂ ಹಿಮ್ಮಡಿ ಎತ್ತೋದು, ಒಂದು ಕಾಲು ತೆಗೆದು ಇನ್ನೊಂದರ ಮೇಲೇ ನಿಧಾನವಾಗಿ, ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗೋವರೆಗೆ ಇಳಿಯೋದು. 15ರಂತೆ ಮೂರು ಸಲ. ಈಗ ಬೆಳಗಿನ ಸ್ಟ್ಯಾಂಡಪ್ ಮೀಟಿಂಗಲ್ಲಿ, ಅದೇ ಒಬ್ಬೊಬ್ಬರಾಗಿ ಅವತ್ತಿನ ಕೆಲಸ ಹೇಳೋದು, ಕ್ಯಾಮೆರಾ ಆಫ್ ಮಾಡಿ ಇದನ್ನೇ ಮಾಡ್ತೀನಿ. ನನ್ನ ಸರದಿ ಬಂದಾಗ ಸ್ವಲ್ಪ ಏದುಸಿರು ಬಿಡ್ತೀನಿ, ಕೆಲಸ ಬಹಳ ಇದೆ ಅಂದುಕೊಳ್ತಾರೆ.

ಇನ್ನೊಂದು. ನಾನು ಮೊದಲು ಮಾಡಿದ ತಪ್ಪು ವಾರದ ಟೈಮ್‌ಟೇಬಲ್ ಹಾಕಿದ್ದು. ನಮ್ಮ ಬದುಕು ವಾರದ ಲೆಕ್ಕದಲ್ಲಿ ನಡೆಯಲ್ಲ, ಆನ್‌ಕಾಲ್ ಲೆಕ್ಕದಲ್ಲಿ ನಡೆಯುತ್ತೆ. ಪ್ರಕಾಶ್ ಪಡುಕೋಣೆ ಅವರು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಲ್ಲಿ ಆಡಿ ಬೆಳೆದು, 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದವರು. ಹಾಲಲ್ಲಿ ಮದುವೆ ಇದ್ರೆ ಅವತ್ತು ಪ್ರಾಕ್ಟೀಸ್ ಇಲ್ಲ, ಅಷ್ಟೇ; ಯಾರೂ ಅತ್ತುಕೊಂಡು ಕೂರಲಿಲ್ಲ. ಆನ್‌ಕಾಲ್ ವಾರ ಅಂದ್ರೆ ನನಗೆ ಹಾಲಲ್ಲಿ ಮದುವೆ. ಆ ವಾರ ಮ್ಯಾಚ್ ಇಲ್ಲ, ಮನೆ ಸುತ್ತ ನಡಿಗೆ, ಮೆಟ್ಟಿಲ ಅಭ್ಯಾಸ, ಸಿಕ್ಕಷ್ಟು ನಿದ್ದೆ. ಉಳಿದ ಮೂರು ವಾರ ಮಂಗಳವಾರ, ಗುರುವಾರ ಬೆಳಿಗ್ಗೆ 6ಕ್ಕೆ ಕೋರ್ಟು, ಶನಿವಾರ ಬೇಕಾದ್ರೆ. ಡಬಲ್ಸ್‌ಗೆ ನಾಲ್ಕು ಜನ ಸಾಕು, ನಾವು ಐದು ಜನ ಇದ್ದೀವಿ. ಒಬ್ಬನ ಆನ್‌ಕಾಲ್ ಅಲಾರಂ ಯಾವಾಗಲೂ ಹೊಡ್ಕೊಳ್ತಿರುತ್ತೆ.

ತೂಕ? ಆಟದಿಂದ ಇಳಿಯಲಿಲ್ಲ. ಆಟ ಮುಗಿಸಿ ದರ್ಶಿನಿಯಲ್ಲಿ ಎರಡು ಮಸಾಲೆ ದೋಸೆ, ಮೇಲೊಂದು ಕೇಸರಿಬಾತ್ ತಿಂದ್ರೆ ಹೇಗೆ ಇಳಿಯುತ್ತೆ? ಒಂದು ದೋಸೆಗೆ ಇಳಿಸಿದ ಮೇಲೆ ಇಳೀತು. ಕೇಸರಿಬಾತ್ ಬಿಟ್ಟಿಲ್ಲ.

ಉತ್ತರ: ಟೆಸ್ಟಿಂಗ್, ಮೈಸೂರು

ಎಲ್ಲರೂ ಬೆಳಿಗ್ಗೆ 6ಕ್ಕೆ ಕೋರ್ಟು, 5ಕ್ಕೆ ಪಾರ್ಕು ಅಂತೀರ. ನನಗೆ ಬೆಳಿಗ್ಗೆ 6 ಅಂದ್ರೆ ಕುಕ್ಕರ್ ಎರಡನೇ ವಿಷಲ್. ಇಬ್ಬರು ಮಕ್ಕಳ ಡಬ್ಬಿ, 7:40ಕ್ಕೆ ಸ್ಕೂಲ್ ವ್ಯಾನು. ಈ ಹೊತ್ತನ್ನ 'ನನ್ನ ಸಮಯ' ಮಾಡ್ಕೊಳ್ಳಿ ಅಂತ ಸಲಹೆ ಕೊಡೋರು ವ್ಯಾನಿನವರ ಹತ್ರ ಮಾತಾಡಲಿ.

ಒಂದು ಗಂಟೆ ಒಟ್ಟಿಗೆ ಸಿಕ್ಕಿದ್ರೆ ಮಾತ್ರ ವ್ಯಾಯಾಮ ಅಂತ ಆರು ವರ್ಷ ಕಾದೆ, ಸಿಗಲೇ ಇಲ್ಲ. ಆಮೇಲೆ ಗೊತ್ತಾಯ್ತು, ಹತ್ತು ನಿಮಿಷಕ್ಕಿಂತ ಕಡಿಮೆ ಮಾಡಿದ್ದು ಲೆಕ್ಕಕ್ಕಿಲ್ಲ ಅನ್ನೋ ಹಳೇ ಷರತ್ತನ್ನ ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ತೆಗೆದುಹಾಕಿದೆ ಅಂತ. ವಾರಕ್ಕೆ 150 ನಿಮಿಷ ಚುರುಕಾಗಿ ಮೈ ಆಡಿಸಬೇಕು, ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಬೇಕು. ತುಂಡು ತುಂಡಾಗಿ ಮಾಡಿದ್ರೂ ಆಗುತ್ತೆ. ಅಲ್ಲಿಂದ ನನ್ನ ತಲೆಭಾರ ಇಳೀತು. ಮಧ್ಯಾಹ್ನ ಊಟಕ್ಕೆ ಮುಂಚೆ ಆಫೀಸಲ್ಲಿ ಇಪ್ಪತ್ತು ನಿಮಿಷ ಟೇಬಲ್ ಟೆನಿಸ್. ಮೊದಲು ಆ ಟೇಬಲ್ ಸುತ್ತ ಬರೀ ಹುಡುಗರೇ, 'ಮೇಡಂ ಸ್ಕೋರ್ ಹೇಳಿ' ಅನ್ನೋರು. ಈಗ ಸ್ಕೋರ್ ಅವರು ಹೇಳ್ತಾರೆ. ಸಂಜೆ ಮಗಳನ್ನ ಸಂಗೀತ ಪಾಠಕ್ಕೆ ಬಿಟ್ಟು, ಗೇಟ್ ಹತ್ರ ಮೊಬೈಲ್ ನೋಡ್ತಾ ನಿಲ್ಲೋ ಬದಲು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೀಸು ನಡಿಗೆ.

ತಿಂಗಳಿಗೆ ಎರಡು ಭಾನುವಾರ ಮನೆಮಂದಿಯೆಲ್ಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೀವಿ, ಸಾವಿರದೆಂಟು. ಅತ್ತೆ ನಂದಿಯವರೆಗೆ ಕಾರಲ್ಲಿ ಬಂದು ಕಾಯ್ತಾರೆ. ಮೊದಲ ಸಲ ನಾನು ಮುನ್ನೂರಕ್ಕೇ ಕೂತೆ. ಪಕ್ಕದಲ್ಲಿ ಒಬ್ಬ ಅಜ್ಜಿ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು, ಬಗ್ಗಿ, ಎದ್ದು, ಬಗ್ಗಿ, ಎದ್ದು ನನ್ನನ್ನ ದಾಟಿ ಹೋದರು. ಅದಕ್ಕಿಂತ ಒಳ್ಳೆ ಸ್ಕ್ವಾಟ್ ನಾನು ಯಾವ ವಿಡಿಯೋದಲ್ಲೂ ನೋಡಿಲ್ಲ.

ಉತ್ತರ: ಹುಬ್ಬಳ್ಳಿ, ಮನಿಯಿಂದನ ಕೆಲಸ

ಕೋವಿಡ್ ಟೈಮಿನ್ಯಾಗ ಬೆಂಗಳೂರು ಬಿಟ್ಟು ಬಂದಾಂವ ನಾ, ಇಲ್ಲೇ ಉಳದೇನಿ. ಟ್ರಾಫಿಕ್ ಇಲ್ಲ, ಉಣಕಲ್ ಕೆರಿ ದಂಡಿಗೆ ಹತ್ತು ನಿಮಿಷದಾಗ ಹೋಗಬಹುದು. ಎಲ್ಲಾರೂ 'ನಿಂದ ಛಲೋ ಐತಿ ಬಿಡಪಾ' ಅಂತಾರ. ಖರೇ ಹೇಳ್ಲಿ? ಅಲ್ಲಿದ್ದಾಗಿನಕಿಂತ ಇಲ್ಲೇ ಹೆಚ್ಚು ಕುಂತೇನಿ. ಅಲ್ಲೆ ಬಸ್ ಸ್ಟಾಪಿಗರ ನಡೀತಿದ್ದೆ. ಇಲ್ಲೆ ಹಾಸಿಗಿಯಿಂದ ಲ್ಯಾಪ್‌ಟಾಪಿಗೆ ಹನ್ನೆರಡು ಹೆಜ್ಜಿ, ಎಣಸೇನಿ.

ಐತವಾರ ಟೆನಿಸ್ ಬಾಲ್ ಕ್ರಿಕೆಟ್ ಆಡಾಕ ಹೋಗಿ, ಮೊದಲ ಓವರ್‌ನ್ಯಾಗನ ಜೋರ್ ಹಾಕಿ ಭುಜಾ ಹಿಡಕೊಂಡು ಬಂದೆ. ಎರಡು ವಾರ ಮೌಸ್ ಎಡಗೈಲೆ ಹಿಡದೆ. ಮ್ಯಾನೇಜರಗ ಏನ್ ಹೇಳೂದು, ನೋ ಬಾಲ್ ಒಗದೆ ಅಂತ? ಈಗ ಒಂದ ನೇಮ ಐತಿ: ಆಟಕ್ಕ ಮದ್ಲ ಹದಿನೈದು ನಿಮಿಷ ಮೈ ಕಾಯಿಸಿಕೊಳ್ಳದ ಬಾಲ್ ಮುಟ್ಟೂದಿಲ್ಲ. ದೋಸ್ತರು ನಗತಾರ, ನಗಲಿ. ಮತ್ತ ರಾತ್ರಿ ರೊಟ್ಟಿ ಬಿಡ್ರಿ ಅಂತ ಯಾರರ ಹೇಳಿದ್ರ ಅವರ ಮಾತ ಕೇಳಬ್ಯಾಡ್ರಿ.

ಉತ್ತರ: ಡೇಟಾ ಕೆಲಸ, ಮಲ್ಲೇಶ್ವರ, ಓಟದ ಹುಚ್ಚು

10ಕೆ ಬಗ್ಗೆ ಎರಡು ಮಾತು. 2008ರಲ್ಲಿ ಶುರುವಾದಾಗ ಅದು ಮೇ ತಿಂಗಳಲ್ಲಿತ್ತು, ಈಗ ಏಪ್ರಿಲ್ ಕೊನೆಗೆ ಬರುತ್ತೆ. ಎರಡೂ ಬೇಸಿಗೆಯೇ. ಸೊನ್ನೆಯಿಂದ ಶುರು ಮಾಡೋರು ನಾಲ್ಕು ತಿಂಗಳಾದ್ರೂ ಇಟ್ಕೊಳ್ಳಿ. ಮೊದಲ ತಿಂಗಳು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೇ ಅರ್ಧ ಗಂಟೆ. ಪಕ್ಕದವರ ಹತ್ರ ಪೂರ್ತಿ ವಾಕ್ಯ ಮಾತಾಡೋಕೆ ಆಗದಿದ್ರೆ ನೀವು ಜೋರಾಗಿ ಓಡ್ತಿದ್ದೀರಿ ಅಂತ ಅರ್ಥ. ಭಾನುವಾರ ಕಬ್ಬನ್ ಪಾರ್ಕಿಗೆ ವಾಹನ ಬಿಡಲ್ಲ, ಅಲ್ಲಿ ಬನ್ನಿ. ಏದುಸಿರು ಬಿಡೋರು ಬೇಕಾದಷ್ಟು ಜನ ಸಿಗ್ತಾರೆ.

ನಾನು ಕೆಟ್ಟಿದ್ದು ವಾಚಿನಿಂದ. ಆಫೀಸಲ್ಲಿ ಇಡೀ ದಿನ ಡ್ಯಾಶ್‌ಬೋರ್ಡ್, ಬೆಳಿಗ್ಗೆ ಎದ್ದು ಇನ್ನೊಂದು ಡ್ಯಾಶ್‌ಬೋರ್ಡ್. ಮೊನ್ನೆಗಿಂತ ಹತ್ತು ಸೆಕೆಂಡ್ ನಿಧಾನ ಅಂತ ತಿಂಡಿ ತಿನ್ನುವಾಗಲೂ ಗ್ರಾಫ್ ನೋಡ್ತಿದ್ದೆ. ಒಂದೇ ತಿಂಗಳಲ್ಲಿ ದೂರ ದುಪ್ಪಟ್ಟು ಮಾಡಿ ಮೊಣಕಾಲು ಹಿಡ್ಕೊಂಡಿತು. ಈಗ ನಿಧಾನದ ಓಟಕ್ಕೆ ವಾಚ್ ಮನೆಯಲ್ಲೇ ಬಿಟ್ಟು ಹೋಗ್ತೀನಿ.

ಜೆ.ಪಿ. ನಗರದ ಸರ್ ಹೇಳಿದ್ದು ಎಲ್ಲ ಒಪ್ಪುತ್ತೀನಿ, ಒಂದು ಬಿಟ್ಟು. ರಾತ್ರಿ 11ಕ್ಕೆ ಕಾಲ್ ಮುಗಿಸಿ 12ಕ್ಕೆ ಮಲಗಿ 5:15ಕ್ಕೆ ಏಳೋದು ಸಾಹಸ ಅಲ್ಲ, ಸಾಲ. ನಿದ್ದೆಗೆಟ್ಟು ಓಡಿದ ದಿನವೇ ನನ್ನ ಪಾದ ಉಳುಕಿದ್ದು. ಅಂಥ ರಾತ್ರಿಯ ಮರುದಿನ ನಾನು ಸಂಜೆ ಓಡ್ತೀನಿ, ಇಲ್ಲಾ ಓಡಲ್ಲ.

ಮತ್ತೆ ಜೆ.ಪಿ. ನಗರ

ಒಪ್ಪಿದೆ ಗುರು. ಅದಕ್ಕೇ ನಾನು ಕೋರ್ಟಿಗೆ ಮಂಗಳವಾರ, ಗುರುವಾರ ಇಟ್ಟಿರೋದು, ನಮ್ಮ ಕಾಲ್ ಸೋಮವಾರ, ಬುಧವಾರ ರಾತ್ರಿ ಇಲ್ಲ. ಹೇಳೋದು ಮರೆತಿದ್ದೆ.

ಉತ್ತರ: ಸಿಯಾಟಲ್, ಊರು ಸಾಗರ

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ನಿಮ್ಮ ರಾತ್ರಿ ಕಾಲ್ ಇಡೋ ಜಾತಿಯವನೇ ನಾನು, ಹಾಗಾಗಿ ತಪ್ಪೊಪ್ಪಿಗೆ ಅಂದ್ಕೊಳ್ಳಿ.

ನವೆಂಬರ್‌ನ ಮೊದಲ ಭಾನುವಾರ ಇಲ್ಲಿ ಚಳಿಗಾಲಕ್ಕೆ ಅಂತ ಎಲ್ಲರೂ ಗಡಿಯಾರ ಒಂದು ಗಂಟೆ ಹಿಂದೆ ಇಡ್ತೀವಿ. ನನಗೆ ಆ ಮೀಟಿಂಗ್ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಬೆಳಿಗ್ಗೆ 9ಕ್ಕೇ. ಬೆಂಗಳೂರಲ್ಲಿ ಅದು ರಾತ್ರಿ 9:30 ಇದ್ದದ್ದು 10:30 ಆಗುತ್ತೆ, ಮಾರ್ಚ್ ಎರಡನೇ ಭಾನುವಾರದವರೆಗೂ. ಕನ್ನಡದವನಾಗಿ, ಅಪ್ಪ-ಅಮ್ಮನಿಗೆ ಫೋನ್ ಮಾಡುವಾಗ ದಿನಾ ಈ ಲೆಕ್ಕ ಹಾಕೋನು, ಮೀಟಿಂಗ್ ವಿಷಯದಲ್ಲಿ ಎರಡು ವರ್ಷ ಹಾಕಿರಲಿಲ್ಲ. ನಮ್ಮ ಟೀಮಿನ ಬೆಂಗಳೂರು ಹುಡುಗಿಯೊಬ್ಬಳು ಒಂದು ದಿನ ನೇರವಾಗಿ ಬರೆದಳು: 'ಮರುದಿನ ಬೆಳಿಗ್ಗೆ ನನಗೆ ಈಜು ಇದೆ, ಚಳಿಗಾಲದಲ್ಲಿ ಈ ಕಾಲ್ ಮುಂಚೆ ಮಾಡೋಕೆ ಆಗುತ್ತಾ?' ಇಲ್ಲಿ 7:30ಕ್ಕೆ ಇಟ್ಟೆ, ಅವರಿಗೆ 9 ಆಯ್ತು. ನನಗೇನೂ ಕಷ್ಟ ಆಗಲಿಲ್ಲ. ಡಿಸೆಂಬರಲ್ಲಿ ಇಲ್ಲಿ ಸಂಜೆ 4:20ಕ್ಕೇ ಸೂರ್ಯ ಮುಳುಗುತ್ತೆ, ಕೆಲಸ ಬೇಗ ಶುರುವಾಗಿ ಬೇಗ ಮುಗಿದ್ರೆ ಬೆಳಕಿದ್ದಾಗಲೇ ಹೊರಗೆ ಹೋಗಬಹುದು. ಆಮೇಲೆ ಬೇರೆಯವರು ಹೇಳಿದ್ರು, 'ನಮಗೂ ಕಷ್ಟ ಆಗ್ತಿತ್ತು, ಹೇಳಿರಲಿಲ್ಲ' ಅಂತ.

ನಮ್ಮವರು ಬಾಯಿ ಬಿಟ್ಟು ಕೇಳಲ್ಲ. 'ಆರೋಗ್ಯಕ್ಕೆ ಸಮಯ ಬೇಕು' ಅಂತ ಸುತ್ತುಬಳಸಿ ಹೇಳಿದ್ರೆ ಮ್ಯಾನೇಜರಿಗೆ ಏನೂ ಅರ್ಥ ಆಗಲ್ಲ. ಯಾವ ವಾರ, ಎಷ್ಟು ಗಂಟೆ, ಬದಲಿಗೆ ಯಾವ ಹೊತ್ತು ಆಗುತ್ತೆ, ಇಷ್ಟು ಬರೆದು ಕಳಿಸಿ.

ಕೇಳಿದವರು

ಎಲ್ಲರಿಗೂ ವಂದನೆ. ಓದುತ್ತಾ ಓದುತ್ತಾ ಒಂದು ಸಲ ಮೆಟ್ಟಿಲ ಅಂಚಿನಲ್ಲಿ ನಿಂತು ನೋಡಿದೆ. ಒಂಟಿ ಕಾಲಲ್ಲಿ ಒಂಬತ್ತಕ್ಕೆ ಮೀನಖಂಡ ನಡುಗಿತು. ಹದಿನೈದು, ಅದೂ ಮೂರು ಸಲವಂತೆ! ಈ ಶನಿವಾರ ಕೋರ್ಟ್ ಬುಕ್ ಮಾಡಿದ್ದೆ, ರದ್ದು ಮಾಡಿದೆ. ಆರು ವಾರ ಮೆಟ್ಟಿಲು, ನಡಿಗೆ, ಆಮೇಲೆ ಆಟ. 10ಕೆ ಈ ವರ್ಷ ಬೇಡ, ನಿಂತು ನೋಡ್ತೀನಿ. ಸಿಯಾಟಲ್ ಸರ್, ನಿಮ್ಮ ಮಾತು ನಂಬಿ ನಮ್ಮ ಮ್ಯಾನೇಜರಿಗೆ ಬರೆದೆ. 'ನೋಡೋಣ' ಅಂತ ಉತ್ತರ ಬಂದಿದೆ. ಅದು ಕನ್ನಡದ 'ನೋಡೋಣ' ಆಗದಿದ್ರೆ ಸಾಕು.

ಜೆ.ಪಿ. ನಗರದ ಸರ್, ನಿಮ್ಮ ಗುಂಪಲ್ಲಿ ಆರನೆಯವನಿಗೆ ಜಾಗ ಇದೆಯಾ?

ಜೆ.ಪಿ. ನಗರ

ಇದೆ. ಒಬ್ಬನಿಗೆ ಮುಂದಿನ ತಿಂಗಳು ಪುಣೆಗೆ ವರ್ಗ ಆಗ್ತಿದೆ. ಆದ್ರೆ ಬೆಳ್ಳಂದೂರಿಂದ ಬೆಳಿಗ್ಗೆ 6ಕ್ಕೆ ಇಲ್ಲಿರಬೇಕು ಅಂದ್ರೆ 5:20ಕ್ಕೆ ಮನೆ ಬಿಡಬೇಕು, ಯೋಚನೆ ಮಾಡಿ. ಬರೋದಾದ್ರೆ ಓಟದ ಶೂ ಹಾಕ್ಕೊಂಡು ಬರಬೇಡಿ, ಅದರ ಅಟ್ಟೆ ದಪ್ಪ ಇರುತ್ತೆ, ಪಕ್ಕಕ್ಕೆ ತಿರುಗಿದಾಗ ಪಾದ ಮಗುಚುತ್ತೆ. ನಾನ್-ಮಾರ್ಕಿಂಗ್ ಶೂ, ಅಂದ್ರೆ ನೆಲದ ಮೇಲೆ ಗೀರು ಬೀಳಿಸದ ಶೂ, ತಗೊಳ್ಳಿ. ಇಲ್ಲದಿದ್ರೆ ಕೋರ್ಟ್ ನೋಡ್ಕೊಳ್ಳೋ ಹುಡುಗ ಬಾಗಿಲಲ್ಲೇ ನಿಮ್ಮ ಅಂಗಾಲು ತೋರಿಸಿ ಅಂತಾನೆ, ನನ್ನನ್ನೂ ಬಿಡಲ್ಲ.